ಮೇಸ್ತ್ರಿಗಿಂತ ಒಂದು ದಿನ ಹೆಚ್ಚು

ಕಾಯಿಲೆ ಮೂಳೆಯವರೆಗೂ ಇಳಿದಿದೆ ಎಂದು ಡಾಕ್ಟರು ಹೇಳಿದ ದಿನ ಡ್ರೈವರ್ ಅತ್ತಿರಲಿಲ್ಲ. ಪ್ರಾಸ್ಟೇಟ್ ಎಂಬ ಗ್ರಂಥಿಯೊಂದು ತನ್ನ ಮೈಯೊಳಗೆ ಇದೆ ಎನ್ನುವುದೇ ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮುಖವೇ ನೋಡಿರದ ಬಾಡಿಗೆದಾರ ಮನೆಗೆ ಬೆಂಕಿ ಇಟ್ಟರೆ ಯಾರ ಮೇಲೆ ಅಂತ ಸಿಟ್ಟು ಮಾಡುವುದು? ಅವನ ಸಿಟ್ಟಿಗೆ ಒಂದು ಮುಖ ಬೇಕಿತ್ತು. ಮೊದಲ ಇಂಜೆಕ್ಷನ್ನಿಗೆ ಹೋದ ದಿನ ಅದೂ ಸಿಕ್ಕಿತು. ಆಸ್ಪತ್ರೆಯ ಕಾರಿಡಾರಿನಲ್ಲಿ, ಗೋಡೆಗೆ ಬೋಲ್ಟು ಹಾಕಿ ಬಿಗಿದ ಕುರ್ಚಿಗಳ ಸಾಲಿನಲ್ಲಿ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ತಟ್ಟುಮೇಸ್ತ್ರಿ ಕೂತಿದ್ದ.

"ಓಹೋ, ಡ್ರೈವರಪ್ಪ! ನಿನಗೂ ಇದೇನಾ? ಬಾ ಬಾ, ಕೂತ್ಕೋ."

ಮದುವೆ ಮನೆಯಲ್ಲಿ ನೆಂಟರನ್ನು ಕರೆಯುವ ಹಾಗೆ ಪಕ್ಕದ ಕುರ್ಚಿಯನ್ನು ತಟ್ಟಿ ಕರೆದ. ಎರಡು ಸಲ ತಟ್ಟಿದ. ಆ ಸದ್ದು ಕೇಳಿದ್ದೇ ತಡ, ಡ್ರೈವರನ ಹೊಟ್ಟೆಯೊಳಗೆ ಹಳೆಯ ಬೆಂಕಿ ಭಗ್ಗೆಂದು ಎದ್ದಿತು. ಅವನು ಕೂರಲಿಲ್ಲ. ಸೊಂಟ ನೋಯುತ್ತಿದ್ದರೂ ಸರದಿ ಬರುವವರೆಗೆ ಕಿಟಕಿಯ ಹತ್ತಿರ ನಿಂತೇ ಇದ್ದ.

ತಟ್ಟುವುದು ಮೇಸ್ತ್ರಿಯ ಹಳೆಯ ಚಾಳಿ, ಹೆಸರೇ ಅದರಿಂದ ಬಂದದ್ದು. ಬಸ್ ಡಿಪೋದಲ್ಲಿ ಗಾಡಿ ಹೊರಡುವ ಮುಂಚೆ ಬ್ರೇಕು, ಸ್ಟೀರಿಂಗು, ಟಯರು ನೋಡುವುದು ಅವನ ಕೆಲಸ. ನೋಡಿ ಮುಗಿದ ಮೇಲೆ ಬಸ್ಸಿನ ಪಕ್ಕೆಗೆ ಅಂಗೈಯಿಂದ ಎರಡೇಟು ಹಾಕುತ್ತಿದ್ದ. ಎಲ್ಲ ಸರಿಯಿದೆ, ಹೊರಡು ಎಂದರ್ಥ. ಆ ಎರಡೇಟು ನಂಬಿ ಡ್ರೈವರುಗಳು ಬಸ್ಸು ತುಂಬ ಜನರ ಜೀವ ಹೊತ್ತು ಹೊರಡುತ್ತಿದ್ದರು. ಒಂದು ಬೆಳಿಗ್ಗೆ ಮೇಸ್ತ್ರಿ ಎಡಗೈಯಲ್ಲಿ ಚಹಾದ ಲೋಟ ಹಿಡಿದುಕೊಂಡು, ಬಗ್ಗಿ ನೋಡುವ ಗೋಜಿಗೇ ಹೋಗದೆ ಬಲಗೈಯಿಂದ ಬರೀ ತಟ್ಟಿದ. ಇಳಿಜಾರಿನಲ್ಲಿ ಬ್ರೇಕು ಡ್ರೈವರನ ಕಾಲಡಿಯಲ್ಲಿ ಮೆತ್ತಗೆ ಒಳಗೆ ಹೋಯಿತು, ಗಾಡಿ ನಿಲ್ಲಲಿಲ್ಲ. ಅವನು ಬಸ್ಸನ್ನು ಜನರ ಕಡೆ ಬಿಡದೆ ಗೋಡೆಗೆ ಗುದ್ದಿಸಿ ನಿಲ್ಲಿಸಿದ. ಒಳಗಿದ್ದವರು ಸಣ್ಣಪುಟ್ಟ ಗಾಯದಲ್ಲಿ ಪಾರಾದರು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಮಾತ್ರ ಉಳಿಯಲಿಲ್ಲ. ಅವನು ಬೇರೆ ಯಾರೂ ಅಲ್ಲ, ಡ್ರೈವರನ ಹೆಂಡತಿಯ ಒಬ್ಬನೇ ತಮ್ಮ.

"ಬ್ರೇಕ್ ನಾನೇ ಖುದ್ದಾಗಿ ನೋಡಿದ್ದೆ ಸಾರ್, ಕಲ್ಲು ಇದ್ದ ಹಾಗೆ ಗಟ್ಟಿ ಇತ್ತು. ಇವನಿಗೇ ಓಡಿಸೋ ಹುಚ್ಚು," ಎಂದು ಮೇಸ್ತ್ರಿ ವಿಚಾರಣೆಯಲ್ಲಿ ಕಣ್ಣು ಮಿಟುಕಿಸದೆ ಹೇಳಿದ. ಅವನು ನೋಡಿರಲಿಲ್ಲ ಎನ್ನುವುದು ಡಿಪೋದವರಿಗೆಲ್ಲ ಗೊತ್ತಿತ್ತು. ವಿಚಾರಣೆಯ ಕೋಣೆಯಲ್ಲಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಡ್ರೈವರನ ಕೆಲಸ ಹೋಯಿತು, ಲೈಸೆನ್ಸ್ ಹೋಯಿತು. ಆಮೇಲೆ ಅವನು ನಿವೃತ್ತಿಯವರೆಗೂ ಒಂದು ಆಫೀಸು ಕಟ್ಟಡದ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದ. ಊರೂರು ಸುತ್ತಿದ ಮನುಷ್ಯ ಬರೀ ಮೇಲೆ ಕೆಳಗೆ ಓಡಾಡಿ ಆಯಸ್ಸು ಕಳೆದ. ಅತ್ತೆ ಅವನನ್ನು ಕೊಲೆಗಾರ ಎಂದು ಕರೆದು ಬಾಗಿಲು ಹಾಕಿಕೊಂಡಳು. ಹೆಂಡತಿ ಮಾತ್ರ ತಾಯಿಯ ಹೊಸಿಲ ಆಚೆಯಿಂದಲೇ, "ನನ್ನ ಗಂಡ ಸುಳ್ಳು ಹೇಳೋರಲ್ಲಮ್ಮ," ಎಂದು ಕೂಗಿ ಹೇಳಿ ಅವನ ಜೊತೆ ಹೊರಟುಬಂದಳು. ಆ ಬಾಗಿಲು ಮತ್ತೆ ತೆರೆಯಲಿಲ್ಲ.

ಇಂಥ ಮೇಸ್ತ್ರಿಯನ್ನು ಕಂಡು ಮನೆಗೆ ಬಂದ ಡ್ರೈವರ್ ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದ.

"ಅವನಿಗೂ ಇದೇ ಕಾಯಿಲೆ ಕಣೇ. ಅವನದೂ ಮೂಳೆಗೆ ಇಳಿದಿದೆಯಂತೆ."

"ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನೆ ಹೇಳಿದಾರಾ?" ಎಂದಳು ಹೆಂಡತಿ. "ಹಾಗಾದ್ರೆ ನೀವೇನು ಮಾಡಿದ್ರಿ ಅಂತ ನಿಮಗೆ ಬಂತೋ, ಅದೊಂದು ಅರ್ಥವಾಗ್ತಿಲ್ಲ."

"ನಾನು ಅವನಿಗಿಂತ ಒಂದು ದಿನ ಹೆಚ್ಚು ಬದುಕಬೇಕು. ಬೇರೇನೂ ಬೇಡ. ಅವನ ಹೆಣದ ಮುಂದೆ ನಿಂತು, ಬಂದವರಿಗೆಲ್ಲ ನಿಜ ಹೇಳಿ ಆಮೇಲೆ ಸಾಯ್ತೀನಿ. ಅಷ್ಟಕ್ಕೆ ಒಂದು ದಿನ ಸಾಕು."

"ಮೊದಲು ಊಟ ಮಾಡಿ, ಆಮೇಲೆ ಸಾಯೋರಂತೆ."

ಆದರೆ ಅವನು ತಮಾಷೆಗೆ ಹೇಳಿರಲಿಲ್ಲ. ಅವತ್ತಿನಿಂದ ಬದುಕುವುದೇ ಅವನಿಗೊಂದು ಹಟವಾಯಿತು. ಗಂಡಸಿನ ಹಾರ್ಮೋನು ಇಳಿಸುವ ಇಂಜೆಕ್ಷನ್ನು ಬಿದ್ದ ಮೇಲೆ ಇದ್ದಕ್ಕಿದ್ದ ಹಾಗೆ ಮುಖ ಕಾದು ಬೆವರು ಕಿತ್ತುಕೊಂಡು ಬರುತ್ತಿತ್ತು. "ನನಗೂ ಮುಟ್ಟು ನಿಂತಾಗ ಹೀಗೇ ಆಗ್ತಿತ್ತು. ಆಗ ಫ್ಯಾನು ಜೋರಾಗಿ ಹಾಕಿದ್ರೆ ಬೈತಿದ್ರಿ," ಎಂದು ಹೆಂಡತಿ ನಕ್ಕು ಫ್ಯಾನು ಜೋರು ಮಾಡುತ್ತಿದ್ದಳು. ಮೇಸ್ತ್ರಿಯೂ ಹೀಗೇ ಬೇಯುತ್ತಿರುತ್ತಾನೆ ಎಂದು ನೆನೆದರೆ ಡ್ರೈವರನಿಗೆ ಆ ಬೆವರೂ ತಂಪೆನಿಸುತ್ತಿತ್ತು.

ಮುಂದಿನ ಸಲ ಹೋದಾಗ ಆಸ್ಪತ್ರೆಯ ಸಿಸ್ಟರು ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡಳು. ಹೊಸ ಔಷಧಗಳ ಪರೀಕ್ಷೆ ನೋಡಿಕೊಳ್ಳುವವಳು ಅವಳು, ಸಣ್ಣ ವಯಸ್ಸು, ಗಟ್ಟಿ ದನಿ.

"ಸಕ್ಕರೆ ಕಾಯಿಲೆಗೆ ಕೊಡೋ ಹಳೇ ಮಾತ್ರೆ ಇದೆಯಲ್ಲ, ಅದನ್ನ ನಿಮ್ಮ ಇಂಜೆಕ್ಷನ್ ಜೊತೆ ಕೊಟ್ರೆ ಈ ಕ್ಯಾನ್ಸರಿನವರು ಹೆಚ್ಚು ಕಾಲ ಬದುಕ್ತಾರಾ ಅಂತ ನೋಡ್ತಿದೀವಿ. ಉಪಯೋಗ ಆಗಬಹುದು, ಆಗದೇನೂ ಇರಬಹುದು. ಗೊತ್ತಿದ್ದಿದ್ರೆ ಪರೀಕ್ಷೆನೇ ಬೇಕಿರಲಿಲ್ಲ. ಸೇರಿದವರಲ್ಲಿ ಅರ್ಧ ಜನಕ್ಕೆ ಮಾತ್ರೆ, ಉಳಿದವರಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ಯಾರಿಗೆ ಯಾವುದು ಅಂತ ಕಂಪ್ಯೂಟರ್ರು ಚೀಟಿ ಎತ್ತುತ್ತೆ, ನಾನಲ್ಲ. ಮಾತ್ರೆ ಬರದೇ ಇದ್ದವರು ಹೊರಗಡೆಯಿಂದ ತಗೊಂಡು ನುಂಗಬಾರದು. ಒಪ್ಪಿಗೆಯಾದ್ರೆ ಮಾತ್ರ ಸೇರಿ."

ಡ್ರೈವರನ ಕಿವಿಗೆ ಬಿದ್ದದ್ದು "ಹೆಚ್ಚು ಕಾಲ ಬದುಕ್ತಾರಾ" ಎನ್ನುವುದೊಂದೇ. ಅದರ ಕೊನೆಯ ಪ್ರಶ್ನೆ ಕೇಳಿಸಲಿಲ್ಲ. ಇಬ್ಬರೂ ಸೇರಿದರು. ಕಂಪ್ಯೂಟರು ಚೀಟಿ ಎತ್ತಿತು. ಮೇಸ್ತ್ರಿಗೆ ಮಾತ್ರೆ ಬಂತು, ಡ್ರೈವರನಿಗೆ ಬರಲಿಲ್ಲ.

"ನನ್ನ ಅದೃಷ್ಟವೇ ಹಾಗಪ್ಪ, ಬೇಡ ಅಂದ್ರೂ ಹುಡುಕಿಕೊಂಡು ಬರುತ್ತೆ," ಎಂದು ಮೇಸ್ತ್ರಿ ಬಿಳಿ ಬಾಟಲಿಯನ್ನು ಡ್ರೈವರನ ಮುಖದೆದುರು ಗಿಲಕಿಯಂತೆ ಆಡಿಸಿದ. ಅಂದು ಚಹಾ ಕುಡಿಯುತ್ತ ನಿಂತಿದ್ದವನಿಗೆ ಮರ್ಯಾದೆ ಉಳಿಯಿತು, ಇಂದು ಆಯಸ್ಸೂ ಉಳಿಯಬೇಕೇ? ದೇವರಿಗೆ ಕಣ್ಣಿಲ್ಲ ಎಂದು ಡ್ರೈವರನಿಗೆ ಬಹಳ ದಿನಗಳಿಂದ ಅನುಮಾನವಿತ್ತು. ಅವತ್ತು ಖಾತ್ರಿಯಾಯಿತು.

ಮನೆಗೆ ಬರುತ್ತ ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಕೇಳಿದ. ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದರು. ಹಲ್ಲು ಕಡಿಯುತ್ತ ಮನೆಗೆ ಬಂದು ಅಡುಗೆಮನೆಯಲ್ಲಿ ನೀರು ಕುಡಿಯುವಾಗ ಕಪಾಟಿನ ಮೇಲೆ ಕಣ್ಣು ಬಿತ್ತು. ಅಲ್ಲೇ ಇತ್ತು. ಅದೇ ಮಾತ್ರೆ, ದಪ್ಪನೆಯ, ಉದ್ದನೆಯ, ಬಿಳಿಯ ಮಾತ್ರೆ. ಹೆಂಡತಿ ಎಷ್ಟೋ ವರ್ಷಗಳಿಂದ ಹೊತ್ತಿಗೊಂದರಂತೆ ನುಂಗುತ್ತಿದ್ದದ್ದು.

ಅವಳಿಗೆ ಸಕ್ಕರೆ ಕಾಯಿಲೆ ಬಂದು ಕಣ್ಣು ಮಂಜಾಗಿತ್ತು, ಬೆರಳ ತುದಿಗಳಿಗೆ ಸ್ಪರ್ಶ ಕಡಿಮೆಯಾಗಿತ್ತು. ಮಾತ್ರೆಯನ್ನು ಹಾಳೆಯಿಂದ ಒತ್ತಿ ತೆಗೆಯಲು ಅವಳಿಂದ ಆಗುತ್ತಿರಲಿಲ್ಲ. ಅದಕ್ಕೇ ಭಾನುವಾರ ಬೆಳಿಗ್ಗೆ ಗಂಡ ಕೂತು ವಾರವಿಡೀ ಬೇಕಾಗುವ ಮಾತ್ರೆಗಳನ್ನು ಒತ್ತಿ ತೆಗೆದು, ದಿನಕ್ಕೊಂದು ಮನೆಯಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಹಾಕಿ ಅವಳ ಮುಂದಿಡುತ್ತಿದ್ದ. ಅವಳು ನೋಡದೆ ತೆಗೆದು ನುಂಗುತ್ತಿದ್ದಳು. ಒಂದೇ ದೂರು ಅವಳದ್ದು: "ಥೂ, ಏನು ಮೀನಿನ ವಾಸನೆ ಈ ಮಾತ್ರೆ!"

ಆ ಭಾನುವಾರ ಡ್ರೈವರ್ ಅವಳ ಮಾತ್ರೆಗಳನ್ನು ತನ್ನ ಬಾಟಲಿಗೆ ಹಾಕಿಕೊಂಡ. ಇಂಜೆಕ್ಷನ್ನಿಗೆ ಮೂಳೆ ಸವೆಯಬಾರದೆಂದು ಆಸ್ಪತ್ರೆಯವರು ಅವನಿಗೆ ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದರು. ಅದೂ ದಪ್ಪ, ಅದೂ ಉದ್ದ, ಅದೂ ಬಿಳಿ. ಅದನ್ನು ಅವಳ ಡಬ್ಬಿಗೆ ತುಂಬಿದ. ಸ್ವಲ್ಪ ದಿನ ಅಷ್ಟೇ, ಅವಳೇನು ಇವತ್ತಿನ ರೋಗಿಯಾ, ತಡೆದುಕೊಳ್ಳುತ್ತಾಳೆ, ಸಿಹಿಯಂತೂ ಮುಟ್ಟುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮೂಳೆಗೂ ಒಳ್ಳೆಯದೇ ಎಂದೂ ಸೇರಿಸಿದ. ಕೆಟ್ಟ ಕೆಲಸಕ್ಕೆ ಕೂತ ಮನುಷ್ಯನಿಗೆ ಕಾರಣಗಳ ಬರ ಇರುವುದಿಲ್ಲ. ಮುಚ್ಚಳ ಹಾಕಿ ಡಬ್ಬಿಯ ಮೇಲೆ ಕೈಯಿಂದ ಎರಡು ಸಲ ತಟ್ಟಿ, "ತಗೋ, ಆಯ್ತು," ಎಂದ.

ಕೆಲವು ದಿನ ಕಳೆದ ಮೇಲೆ ಹೆಂಡತಿ ಊಟದ ಹೊತ್ತಿಗೆ ಖುಷಿಯಿಂದ, "ರೀ, ಈ ಸಲದ ಮಾತ್ರೆಗೆ ವಾಸನೆನೇ ಇಲ್ಲ! ಕಂಪನಿಯವರಿಗೆ ಕೊನೆಗೂ ಬುದ್ಧಿ ಬಂತು ನೋಡಿ," ಎಂದಳು.

"ಹೂಂ," ಎಂದ ಡ್ರೈವರ್.

ಅವನ ಹೊಟ್ಟೆ ಮಾತ್ರ ಆ ಮಾತ್ರೆಗೆ ಒಗ್ಗಲಿಲ್ಲ. ಗುಡುಗುಡು ಎನ್ನುತ್ತಿತ್ತು, ದಿನಕ್ಕೆ ಮೂರು ನಾಲ್ಕು ಸಲ ಓಡಬೇಕಾಗುತ್ತಿತ್ತು. ಬಾಯಿಗೆ ರುಚಿ ಇರಲಿಲ್ಲ. ಹೆಂಡತಿ ಇದೆಲ್ಲ ಕ್ಯಾನ್ಸರಿನ ಕಾಟ ಎಂದುಕೊಂಡು ಗಂಜಿ ಕಾಯಿಸಿ ಕೊಡುತ್ತಿದ್ದಳು. ಅಷ್ಟರಲ್ಲಿ ಚಪ್ಪಲಿ ಕಚ್ಚಿ ಅವಳ ಎಡಗಾಲಿನ ಕಿರುಬೆರಳಲ್ಲಿ ಒಂದು ಬೊಕ್ಕೆ ಎದ್ದಿತ್ತು. ಒಲೆಯ ಮುಂದೆ ಆ ಕಾಲನ್ನು ನೆಲಕ್ಕೆ ಊರದೆ, ಇನ್ನೊಂದರ ಮೇಲೆ ಭಾರ ಹಾಕಿ ನಿಂತು ಅವಳು ಗಂಜಿ ತಿರುಗಿಸುವುದನ್ನು ಅವನು ಬಾಗಿಲಿನಿಂದ ನೋಡುತ್ತಿದ್ದ. ಬೊಕ್ಕೆ ಒಡೆಯಿತು, ಮಾಯಲಿಲ್ಲ.

ಅವಳ ಡಾಕ್ಟರು ರಕ್ತ ಪರೀಕ್ಷೆ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನಮ್ಮಾ ಇದು? ಇಷ್ಟು ವರ್ಷ ಚೆನ್ನಾಗಿ ಇಟ್ಕೊಂಡಿದ್ರಲ್ಲ. ಕದ್ದು ಸಿಹಿ ತಿಂತಿದೀರಾ?"

"ಇಲ್ಲ ಡಾಕ್ಟ್ರೇ, ನನ್ನಾಣೆಗೂ ಇಲ್ಲ."

"ಎಲ್ಲರೂ ಹೀಗೇ ಹೇಳೋದು. ರಕ್ತ ಸುಳ್ಳು ಹೇಳಲ್ಲಮ್ಮ."

ಹೊರಗೆ ಕೂತಿದ್ದವರಿಗೂ ಕೇಳುವ ಹಾಗೆ ಬೈದರು. ಡ್ರೈವರ್ ಪಕ್ಕದಲ್ಲೇ ಕೂತಿದ್ದ. ತುಟಿ ಎರಡು ಮಾಡಲಿಲ್ಲ. ಮನೆಗೆ ಬಂದ ಮೇಲೆ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, "ನೀವಾದ್ರೂ ಒಂದು ಮಾತು ಹೇಳಬಾರದಿತ್ತೇನ್ರೀ, ಇವಳು ತಿನ್ನೋದಿಲ್ಲ ಅಂತ? ನಾನು ನಿಮಗೋಸ್ಕರ ಎಲ್ಲಿ ನಿಂತು ಹೇಳಿದ್ದೆ," ಎಂದಳು. ಎಲ್ಲಿ ಎನ್ನುವುದು ಅವನಿಗೆ ಗೊತ್ತಿತ್ತು. ಆ ಹೊಸಿಲು ಕಣ್ಣ ಮುಂದೆ ಬಂತು. ಅವತ್ತೇ ನಿಲ್ಲಿಸಬೇಕೆಂದುಕೊಂಡ. ಆದರೆ ಆ ವಾರವೇ ಆಸ್ಪತ್ರೆಯ ಗೇಟಿನಲ್ಲಿ ಮೇಸ್ತ್ರಿ ಎದುರಾದ. ಕೆನ್ನೆ ತುಂಬಿತ್ತು, ಹೊಸ ಅಂಗಿ ಹಾಕಿದ್ದ. ಮಾತ್ರೆ ಹಿಡಿದಿದೆ ಎಂದು ಡ್ರೈವರನ ಎದೆ ಉರಿಯಿತು. ಅರ್ಧ ಅವಳಿಗೆ, ಅರ್ಧ ತನಗೆ ಎಂದು ಲೆಕ್ಕ ಹಾಕಿದ, ಅದನ್ನೂ ಮಾಡಲಿಲ್ಲ.

ಬೆರಳು ಕಪ್ಪಾಯಿತು. ತೆಗೆದರು.

ಆಮೇಲೆ ನಿಲ್ಲಿಸಿದ. ಡಬ್ಬಿಗೆ ಅವಳ ಮಾತ್ರೆಗಳನ್ನೇ ತುಂಬತೊಡಗಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರೂ ನೋಡಲಿಲ್ಲ, ಆಗಿದ್ದಾಯಿತು ಎಂದುಕೊಂಡ. ಅಷ್ಟೇ ಆಗಿದ್ದರೆ ಅವನನ್ನು ಕನಿಕರದಿಂದ ನೋಡಬಹುದಿತ್ತು. ಆದರೆ ಆ ಬೆರಳಿನ ಲೆಕ್ಕವನ್ನೂ ಅವನು ಮೇಸ್ತ್ರಿಯ ತಲೆಗೇ ಕಟ್ಟಿದ. ಅವನಿಂದ ಭಾವಮೈದ ಹೋದ, ಅವನಿಂದಲೇ ಈಗ ಹೆಂಡತಿಯ ಬೆರಳೂ ಹೋಯಿತು ಎಂದು ಮನಸ್ಸಿನಲ್ಲೇ ಶಾಪ ಹಾಕಿದ.

"ವಾಸನೆ ಮತ್ತೆ ಶುರುವಾಯ್ತು ನೋಡಿ," ಎಂದಳು ಹೆಂಡತಿ, ಬ್ಯಾಂಡೇಜಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು. "ನಮ್ಮ ಹಣೆಬರಹಕ್ಕೆ ಒಳ್ಳೇದು ಯಾವುದು ಉಳಿಯುತ್ತೆ?"

ಮುಂದಿನ ಇಂಜೆಕ್ಷನ್ನಿಗೆ ಅವಳೂ ಜೊತೆಗೆ ಬಂದಳು, ಕಾಲಿನ ಗಾಯ ತೋರಿಸಲು. ಕಾರಿಡಾರಿನ ಕೊನೆಯ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಡ್ರೈವರ್ ನೀರು ಹಿಡಿಯಲು ಹೋದ. ನಲ್ಲಿಯ ಹತ್ತಿರ ಮೇಸ್ತ್ರಿ ನಿಂತು ಒಂದು ಬಾಟಲಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದ.

"ಬಂದ್ಯಾ ಪುಣ್ಯಾತ್ಮ! ಈ ಮುಚ್ಚಳ ಸ್ವಲ್ಪ ತೆಗೆದುಕೊಡು, ಒತ್ತಿ ತಿರುಗಿಸಬೇಕಂತೆ. ನನ್ನ ಕೈಲಿ ಆಗ್ತಿಲ್ಲ. ಯಾವಾಗಲೂ ಮಗಳು ತೆಗೆದುಕೊಡ್ತಿದ್ಲು, ಇವತ್ತು ಅವಳಿಲ್ಲ."

"ನೀರು ಬೇಕಾ ನುಂಗೋಕೆ?"

"ನುಂಗೋಕಾ!" ಮೇಸ್ತ್ರಿ ಕಿಸಕ್ಕನೆ ನಕ್ಕ. "ಮೊದಲ ವಾರವೇ ಹೊಟ್ಟೆ ಕೆಡ್ತು ಮಾರಾಯ. ಅವತ್ತಿನಿಂದ ಒಂದೂ ನುಂಗಿಲ್ಲ. ಸಿಸ್ಟರು ಬಾಟ್ಲಿ ವಾಪಸ್ ತಗೊಂಡು ಉಳಿದಿದ್ದು ಎಣಿಸ್ತಾಳೆ ನೋಡು, ಅದಕ್ಕೆ ಬರೋ ಮುಂಚೆ ಮೋರಿಗೆ ಸುರಿದುಬಿಡ್ತೀನಿ. ನುಂಗ್ತಿದೀರಾ ಅಂತಾಳೆ, ಹೂಂ ಅಂತೀನಿ. ಅವಳಿಗೂ ಖುಷಿ, ನನಗೂ ಖುಷಿ."

ಡ್ರೈವರನ ಕೈಗೆ ಬಂದ ಮಾತ್ರೆಯ ಬಾಟಲಿ ತುಂಬಿ ಭಾರವಾಗಿತ್ತು. ಯಾರ ಜೊತೆ ಇಷ್ಟು ದಿನ ಓಟಕ್ಕೆ ಬಿದ್ದಿದ್ದೆ? ಹಿಂದೆ ತಿರುಗಿ ನೋಡಿದರೆ ಓಡುತ್ತಿದ್ದವನೇ ಇಲ್ಲ. ಆ ಯೋಚನೆ ಬಂದ ಕ್ಷಣವೇ ಅದನ್ನು ಅತ್ತ ತಳ್ಳಿ ಇನ್ನೊಂದು ಯೋಚನೆ ಬಂತು, ಸಿಹಿಯಾದದ್ದು: ಸಿಕ್ಕಿಬಿದ್ದ. ಅಂದು ಸಾಕ್ಷಿ ಇರಲಿಲ್ಲ, ಇಂದು ಸಾಕ್ಷಿ ಅಂಗೈಯಲ್ಲಿದೆ. ಉಪ್ಪು ತಿಂದವನು ಇವತ್ತು ನೀರು ಕುಡಿಯಲೇಬೇಕು.

ಮೇಸ್ತ್ರಿಯ ತೋಳು ಹಿಡಿದು ದರದರನೆ ಎಳೆದುಕೊಂಡು ಹೋದ. ಇಬ್ಬರೂ ಮೂಳೆ ಸವೆದ ಮುದುಕರು, ಎಳೆಯುವವನೂ ಏದುಸಿರು, ಎಳೆಸಿಕೊಳ್ಳುವವನೂ ಏದುಸಿರು. ಡ್ರೈವರ್ ಮುಚ್ಚಳ ಒತ್ತಿ ತಿರುಗಿಸಿ ಸಿಸ್ಟರಿನ ಮೇಜಿನ ಮೇಲೆ ಬಾಟಲಿ ಬುಡಮೇಲು ಮಾಡಿದ. ಬಿಳಿ ಮಾತ್ರೆಗಳು ಮೇಜಿನ ತುಂಬ ಹರಡಿ, ಉರುಳಿ, ನೆಲಕ್ಕೂ ಬಿದ್ದವು.

"ನೋಡಿ ಸಿಸ್ಟರ್! ಎಲ್ಲರೂ ನೋಡಿ! ಒಂದೂ ನುಂಗಿಲ್ಲ, ನುಂಗಿದೀನಿ ಅಂತಾನೆ. ಇವನು ಯಾವತ್ತೂ ಹೀಗೇ. ಆವತ್ತು ಬ್ರೇಕ್ ನೋಡದೆ ನೋಡಿದೀನಿ ಅಂದ, ನನ್ನ ಭಾವಮೈದನ್ನ ಕೊಂದ. ಇವನ ಮಾತು ನಂಬಿದವರ ಗತಿ ಏನು ಅಂತ ಕೇಳಿ! ನಂಬಿದವರ ಕತ್ತು ಕುಯ್ಯೋ ಜಾತಿ ಇದು!"

ಅವನ ದನಿ ಕಾರಿಡಾರಿನ ಆ ತುದಿಯವರೆಗೂ ಕೇಳಿಸಿತು. ಇಷ್ಟು ವರ್ಷ ಲಿಫ್ಟಿನ ಪೆಟ್ಟಿಗೆಯೊಳಗೆ ಕೂತು ಬಾಯಿಪಾಠ ಮಾಡಿದ್ದ ಮಾತು. ಆಹಾ, ಎದೆ ಎಷ್ಟು ಹಗುರವಾಯಿತೆಂದರೆ ಕಣ್ಣಲ್ಲಿ ನೀರು ಬಂತು.

ಸಿಸ್ಟರು ಸಿಟ್ಟಾಗಲಿಲ್ಲ. "ಹೊಟ್ಟೆಗೆ ಆಗದಿದ್ರೆ ಹೇಳಬೇಕಿತ್ತು ಅಷ್ಟೇ ತಾತ, ಯಾರೂ ಗದರ್ತಿರಲಿಲ್ಲ," ಎಂದಳು ಮೇಸ್ತ್ರಿಗೆ. "ನೀವು ನುಂಗದೇ ನುಂಗಿದೆ ಅಂದ್ರೆ, ಇನ್ನೊಬ್ಬರು ಕದ್ದು ನುಂಗಿ ಇಲ್ಲ ಅಂದ್ರೆ, ಆ ಸುಳ್ಳು ನಂಬಿ ಮುಂದೆ ಎಷ್ಟು ಜನಕ್ಕೆ ನಾವು ತಪ್ಪು ಔಷಧ ಕೊಡ್ತೀವಿ ಗೊತ್ತಾ?"

ಗಲಾಟೆ ಕೇಳಿ ಹೆಂಡತಿ ಗೋಡೆ ಹಿಡಿದು ಕುಂಟುತ್ತ ಬಂದಿದ್ದಳು. ಕಾಲಿನ ಹತ್ತಿರ ಬಿದ್ದಿದ್ದ ಒಂದು ಮಾತ್ರೆಯನ್ನು ಬಗ್ಗಿ ತಡವಿ ಎತ್ತಿಕೊಂಡಳು. ಕಣ್ಣಿಗೆ ಸರಿಯಾಗಿ ಕಾಣದವಳು ಅಭ್ಯಾಸದಂತೆ ಮೂಗಿಗೆ ಹಿಡಿದಳು.

"ಸಿಸ್ಟರ್, ಇದು ಸಕ್ಕರೆ ಕಾಯಿಲೆ ಮಾತ್ರೆ ಅಲ್ವಾ? ನಾನೂ ಇದನ್ನೇ ತಗೊಳ್ಳೋದು."

"ಹೌದಮ್ಮಾ."

"ಇದರಲ್ಲಿ ವಾಸನೆ ಇಲ್ಲದೇ ಇರೋದು ಬರುತ್ತಾ? ನನಗೆ ಮಧ್ಯದಲ್ಲಿ ಒಂದಷ್ಟು ತಿಂಗಳು ಬಂದಿತ್ತು. ದಪ್ಪ ಇಷ್ಟೇ, ಉದ್ದ ಇಷ್ಟೇ. ನುಂಗಿದ್ರೆ ಬಾಯಲ್ಲಿ ಸುಣ್ಣದ ಥರ ಆಗೋದು."

"ಸುಣ್ಣದ ಥರ ಅಂದ್ರೆ ಅದು ಕ್ಯಾಲ್ಸಿಯಂ ಇರಬೇಕಮ್ಮ. ನಿಮ್ಮ ಯಜಮಾನ್ರಿಗೆ ನಾವು ಕೊಡ್ತೀವಲ್ಲ, ಅದು. ಮನೇಲಿ ಬದಲಾಗಿಬಿಟ್ಟಿತ್ತಾ? ಯಾರು ತುಂಬಿಡ್ತಾರೆ ನಿಮಗೆ?"

ಹೆಂಡತಿ ತಿರುಗಿ ಗಂಡನ ಕಡೆ ನೋಡಿದಳು. ಮಂಜುಗಣ್ಣಿಗೆ ಅವನ ಮುಖ ಎಷ್ಟು ಕಂಡಿತೋ, ಆದರೆ ಅವನು ತಲೆ ತಗ್ಗಿಸಿದ್ದು ಕಂಡಿತು. ಅವನ ಹೊಟ್ಟೆ ಕೆಟ್ಟ ತಿಂಗಳುಗಳು, ವಾಸನೆ ಹೋದ ತಿಂಗಳುಗಳು, ಬೆರಳು ಹೋದ ಮೇಲೆ ವಾಸನೆ ಮರಳಿ ಬಂದದ್ದು ಒಂದರ ಪಕ್ಕ ಒಂದು ಅವಳ ಮುಂದೆ ಬಂದು ನಿಂತವು.

ಮೇಸ್ತ್ರಿ ಇಬ್ಬರನ್ನೂ ನೋಡಿದ. ಡ್ರೈವರನ ಆ ತಗ್ಗಿದ ತಲೆ ಅವನಿಗೆ ಚೆನ್ನಾಗಿ ಗುರುತಿತ್ತು; ಎಷ್ಟೋ ವರ್ಷ ಕನ್ನಡಿಯಲ್ಲಿ ಅದನ್ನೇ ನೋಡಿದ್ದ.

"ಡ್ರೈವರಪ್ಪ," ಎಂದ ಮೆಲ್ಲಗೆ, ಈ ಸಲ ನಗದೆ. "ನಾನು ಆವತ್ತು ನೋಡದೆ ಬಸ್ ತಟ್ಟಿದ ಹಾಗೆ ನೀನೂ ತಟ್ಟಿಬಿಟ್ಟೆಯಾ?"

ಯಾವ ಮಾತಿಗಾಗಿ ಅವನು ಅರ್ಧ ಆಯಸ್ಸು ಕಾದಿದ್ದನೋ ಆ ಮಾತು ಮೇಸ್ತ್ರಿಯ ಬಾಯಿಂದ ಬಂದೇಬಿಟ್ಟಿತ್ತು, ನಾಲ್ಕು ಜನರ ಮುಂದೆ. ಎತ್ತಿಕೊಳ್ಳಲು ಡ್ರೈವರನಿಗೆ ಕೈ ಬರಲಿಲ್ಲ. ಸಿಸ್ಟರಿನ ಮೇಜಿನ ಮುಂದೆ ಕೂತು ಎಲ್ಲ ಹೇಳಿದ. ಅವಳು ಗದರಲಿಲ್ಲ, ಅದೂ ಒಂದು ಶಿಕ್ಷೆಯೇ ಆಯಿತು.

ಬಸ್ಸಿನಲ್ಲಿ ಹೆಂಡತಿ ಅವನ ಪಕ್ಕ ಕೂರಲಿಲ್ಲ. ಮನೆಗೆ ಬಂದು ಕಾಲು ಚಾಚಿ ಕೂತ ಮೇಲೆ ಬಾಯಿ ಬಿಟ್ಟಳು. ಕೂಗಾಡಿದ್ದರೆ ಚೆನ್ನಾಗಿತ್ತು.

"ನಮ್ಮಮ್ಮ ಸಾಯೋವಾಗಲೂ ನನ್ನ ಮುಖ ನೋಡಲಿಲ್ಲ. ನಿಮ್ಮನ್ನ ನಂಬಿದ್ದಕ್ಕೆ."

"ತಪ್ಪಾಯ್ತು ಕಣೇ. ಅವನ ಮೇಲಿನ ಸಿಟ್ಟಲ್ಲಿ..."

"ಅವನ ಮೇಲೆ ಸಿಟ್ಟು, ನನ್ನ ಬೆರಳು." ಬ್ಯಾಂಡೇಜಿನ ಅಂಚನ್ನು ಸರಿಮಾಡಿಕೊಂಡಳು. "ಡಾಕ್ಟ್ರು ಕಳ್ಳಿ ಅಂದಾಗ ಪಕ್ಕದಲ್ಲೇ ಕೂತಿದ್ರಿ. ಬೆರಳು ಹೋಗಿದ್ದಕ್ಕಿಂತ ಅದು ನನಗೆ ಜಾಸ್ತಿ ಉರೀತಿದೆ. ಅವನಿಗಿಂತ ಒಂದು ದಿನ ಹೆಚ್ಚು ಬದುಕಬೇಕು ಅಂದಿದ್ರಲ್ಲ? ಬದುಕಿ. ಗಂಜಿ ಕಾಯಿಸಿ ಕೊಡ್ತೀನಿ, ಇಂಜೆಕ್ಷನ್ನಿಗೆ ಕರ್ಕೊಂಡು ಹೋಗ್ತೀನಿ, ಒಂದಕ್ಕೂ ಕಡಿಮೆ ಮಾಡಲ್ಲ. ಯಾರಿಗೂ ಹೇಳೋದೂ ಇಲ್ಲ, ನೀವು ಇರೋವರೆಗೂ. ಆದ್ರೆ ನಾನು ನಿಮಗಿಂತ ಒಂದು ದಿನ ಹೆಚ್ಚು ಬದುಕ್ತೀನಿ. ಅಷ್ಟಕ್ಕೆ ನನಗೂ ಒಂದು ದಿನ ಸಾಕು."

ಅವನಿಗೆ ಬೆವರು ಕಿತ್ತುಕೊಂಡು ಬಂತು. ಅವಳು ಎದ್ದು ಹೋಗಿ ಫ್ಯಾನು ಜೋರು ಮಾಡಿ ಬಂದಳು.

ಭಾನುವಾರ ಬೆಳಿಗ್ಗೆ ಅವನು ಡಬ್ಬಿಗೆ ಕೈ ಹಾಕಿದಾಗ ಅವಳು ಅದನ್ನು ತನ್ನ ಕಡೆ ಎಳೆದುಕೊಂಡಳು. ಸ್ಪರ್ಶವಿಲ್ಲದ ಬೆರಳುಗಳಿಂದ ಆಗಲಿಲ್ಲವೆಂದು ಕತ್ತರಿ ತಂದು ಹಾಳೆ ಕತ್ತರಿಸಿ, ಒಂದೊಂದೇ ಮಾತ್ರೆ ಬಿಡಿಸಿ, ಅವನ ಮುಖ ನೋಡುತ್ತ ಒಂದೊಂದನ್ನೂ ಮೂಗಿಗೆ ಹಿಡಿದು ಡಬ್ಬಿಗೆ ಹಾಕಿದಳು. ಬಹಳ ಹೊತ್ತು ಹಿಡಿಯಿತು. ಅವನಿಗೆ ಎದ್ದು ಹೋಗುವ ಧೈರ್ಯ ಬರಲಿಲ್ಲ. ಕೊನೆಗೆ ಮುಚ್ಚಳ ಹಾಕಿ, ಅದರ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿ, ಡಬ್ಬಿಯನ್ನು ಕಪಾಟಿನಲ್ಲಿಟ್ಟು ಅವನ ಗಂಜಿಗೆ ನೀರಿಟ್ಟಳು.